ವಿಎಂ ಓಡಿಸಲು 55 ಸಾವಿರದಲ್ಲಿ ಲ್ಯಾಪ್‌ಟಾಪ್: ಮೊದಲು ರ‍್ಯಾಮ್ ಲೆಕ್ಕ ಹಾಕಿ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಮೇಗರವಳ್ಳಿ ಹತ್ತಿರದ ಊರು. ಬಿಸಿಎ ಮುಗಿಸಿದ್ದೇನೆ, ಸಿಸ್ಟಂ ಅಡ್ಮಿನ್ ಕೆಲಸಕ್ಕೆ ತಯಾರಾಗುತ್ತಿದ್ದೇನೆ. ಮನೆಯಲ್ಲೇ ವರ್ಚುವಲ್ ಮಷೀನ್ (ವಿಎಂ, ಅಂದರೆ ಕಂಪ್ಯೂಟರಿನೊಳಗೇ ಸಾಫ್ಟ್‌ವೇರ್‌ನಿಂದ ಓಡುವ ಇನ್ನೊಂದು ಕಂಪ್ಯೂಟರ್) ಹಾಕಿಕೊಂಡು ವಿಂಡೋಸ್ ಸರ್ವರ್, ಆಕ್ಟಿವ್ ಡೈರೆಕ್ಟರಿ, ಲಿನಕ್ಸ್ ಕಲಿಯಬೇಕು ಅಂತಿದೆ. ಮಂಡಿಯಿಂದ ಅಡಿಕೆ ದುಡ್ಡು ಬಂದಿದೆ, ಅಪ್ಪ 55 ಸಾವಿರದವರೆಗೆ ಕೊಡ್ತೀನಿ ಅಂದಿದ್ದಾರೆ. ಶಿವಮೊಗ್ಗದ ಅಂಗಡಿಯಲ್ಲಿ ಐ5-12450ಎಚ್, 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, 4 ಜಿಬಿ ಗ್ರಾಫಿಕ್ಸ್ ಕಾರ್ಡ್ ಇರುವ ಹೊಸ ಗೇಮಿಂಗ್ ಲ್ಯಾಪ್‌ಟಾಪ್ ತೋರಿಸಿ, ‘ಇದರಲ್ಲಿ ಏನು ಬೇಕಾದರೂ ಓಡುತ್ತೆ’ ಅಂದರು. ಗೆಳೆಯನೊಬ್ಬ ಸೆಕೆಂಡ್ ಹ್ಯಾಂಡ್ ಮ್ಯಾಕ್‌ಬುಕ್ ಏರ್ ಎಂ1 ತಗೋ ಅಂತಾನೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ನಿಮಗೂ ಗೊತ್ತಿರಬೇಕು. ಯಾವುದು ತಗೊಳ್ಳಲಿ ಸರ್?

ಉತ್ತರ: ಅಂಗಡಿಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆ ಪ್ರೊಸೆಸರ್ ಒಳ್ಳೆಯದೇ. ಆದರೆ ಆ ಲ್ಯಾಪ್‌ಟಾಪ್ ಈಗಿರುವ ಹಾಗೆ ನಿಮ್ಮ ಕೆಲಸಕ್ಕೆ ಆಗುವುದಿಲ್ಲ. ತೊಂದರೆ ಇರುವುದು ಆ 8 ಜಿಬಿಯಲ್ಲಿ. ನಿಮ್ಮ ಬಜೆಟ್ಟಿಗೆ ನಾನು ಹೇಳುವುದು, ಕಂಪನಿಗಳು ಬಳಸಿ ಬಿಟ್ಟ ಬಿಸಿನೆಸ್ ಲ್ಯಾಪ್‌ಟಾಪ್. ಎರಡು ರ‍್ಯಾಮ್ ಸ್ಲಾಟ್ ಇರಬೇಕು, ಒಳಗೆ ಆಗಲೇ 32 ಜಿಬಿ ಇದ್ದರೆ ಬಹಳ ಒಳ್ಳೆಯದು. ‘ಹಳೇದು ಯಾಕೆ, ಹೊಸದೇ ತಗೊಂಡರಾಯ್ತಲ್ಲ’ ಅಂತ ಮನೆಯಲ್ಲಿ ಕೇಳುತ್ತಾರೆ. ಅವರಿಗೆ ತೋರಿಸಲು ಲೆಕ್ಕ ಬೇಕಾಗುತ್ತದೆ, ಅದನ್ನು ಕೊಡುತ್ತೇನೆ.

ಒಂದು ಕಾಗದ ತೆಗೆದುಕೊಳ್ಳಿ. ಒಂದೇ ಹೊತ್ತಿಗೆ ಯಾವ್ಯಾವ ವಿಎಂ ಓಡಬೇಕು ಅಂತ ಬರೆಯಿರಿ. ‘ಒಂದೇ ಹೊತ್ತಿಗೆ’ ಅನ್ನುವುದು ಮುಖ್ಯ. ಡಿಸ್ಕ್ ಮೇಲೆ ಹತ್ತು ವಿಎಂ ಮಲಗಿದ್ದರೂ ರ‍್ಯಾಮ್ ತಿನ್ನುವುದಿಲ್ಲ, ಎದ್ದು ಓಡುತ್ತಿರುವುದು ಮಾತ್ರ ತಿನ್ನುತ್ತದೆ. ಆಕ್ಟಿವ್ ಡೈರೆಕ್ಟರಿ ಅಂದರೆ ಕಂಪನಿಯ ಬಳಕೆದಾರರನ್ನೂ ಕಂಪ್ಯೂಟರ್‌ಗಳನ್ನೂ ಒಂದೇ ಕಡೆಯಿಂದ ನಿಭಾಯಿಸುವ ವ್ಯವಸ್ಥೆ. ಅದನ್ನು ಕಲಿಯಲು ಒಂದು ಡೊಮೈನ್ ಕಂಟ್ರೋಲರ್ (ಅದನ್ನು ನಡೆಸುವ ಸರ್ವರ್) ಬೇಕು. ಡೆಸ್ಕ್‌ಟಾಪ್ ಇರುವ ವಿಂಡೋಸ್ ಸರ್ವರ್‌ಗೆ 4 ಜಿಬಿ ಕೊಟ್ಟರೆ ಆರಾಮಾಗಿ ಓಡುತ್ತದೆ. ಅದಕ್ಕೆ ಸೇರಿಸಲು ಎರಡು ವಿಂಡೋಸ್ 11 ಕ್ಲೈಂಟ್, ಅಂದರೆ ನೌಕರರು ಬಳಸುವಂಥ ಸಾಮಾನ್ಯ ಕಂಪ್ಯೂಟರ್. ವಿಂಡೋಸ್ 11 ಕೇಳುವುದೇ ಕನಿಷ್ಠ 4 ಜಿಬಿ, ಅಂದರೆ ಎರಡಕ್ಕೆ 8. ಲಿನಕ್ಸ್‌ಗೆ ಒಂದು ಉಬುಂಟು ಸರ್ವರ್, ಅದಕ್ಕೆ 2 ಸಾಕು. ಇಷ್ಟಕ್ಕೇ 14 ಜಿಬಿ ಆಯಿತು. ಇನ್ನು ನಿಮ್ಮ ಲ್ಯಾಪ್‌ಟಾಪಿನ ಸ್ವಂತ ವಿಂಡೋಸ್ ಇದೆ. ಪಕ್ಕದಲ್ಲಿ ಬ್ರೌಸರ್ ತೆರೆದು ಪಾಠದ ವಿಡಿಯೊ ನೋಡುತ್ತೀರಿ, ಅಲ್ವಾ? ಅದಕ್ಕೆಲ್ಲ 5-6 ಜಿಬಿ ಬಿಡಬೇಕು. ಒಟ್ಟು 20 ಜಿಬಿ.

ಅಂಗಡಿಯಲ್ಲಿ ತೋರಿಸಿದ ಲ್ಯಾಪ್‌ಟಾಪಿನಲ್ಲಿ ಇರುವುದು 8. ಅದರಲ್ಲಿ ಒಂದು ಉಬುಂಟು ಸರ್ವರ್ ಓಡಿಸಬಹುದು, ಅಷ್ಟೇ. ಡೊಮೈನ್ ಕಂಟ್ರೋಲರ್ ಜೊತೆಗೆ ಒಂದು ಕ್ಲೈಂಟ್ ಎಬ್ಬಿಸಿದಿರೋ, ಮೌಸ್ ಪಾಯಿಂಟರ್ ಕೂಡ ನಿಂತು ನಿಂತು ಹೋಗುತ್ತದೆ.

ಇದಕ್ಕೆ ಕಾರಣ ತಿಳಿದುಕೊಂಡರೆ ಮುಂದೆಲ್ಲ ಉಪಯೋಗಕ್ಕೆ ಬರುತ್ತದೆ. ಕ್ರೋಮ್, ವರ್ಡ್‌ನಂಥ ಸಾಮಾನ್ಯ ಪ್ರೋಗ್ರಾಂಗಳು ಬೇಕಾದಷ್ಟು ರ‍್ಯಾಮ್ ತೆಗೆದುಕೊಂಡು, ಬೇಡವಾದಾಗ ಬಿಟ್ಟುಕೊಡುತ್ತವೆ. ವಿಎಂ ಹಾಗಲ್ಲ. ಅದಕ್ಕೆ ಕೊಟ್ಟ ರ‍್ಯಾಮ್ ಪಾಲಾಗಿ ಹೋದ ಜಮೀನಿದ್ದ ಹಾಗೆ. ಅವರು ಉಳಲಿ, ಪಾಳು ಬಿಡಲಿ, ನೀವು ಕೇಳುವಂತಿಲ್ಲ. ಒಳಗಿನ ವಿಂಡೋಸ್‌ಗೆ ತಾನು ವಿಎಂ ಒಳಗಿದ್ದೇನೆ ಅನ್ನುವ ಹಂಗಿಲ್ಲ. 4 ಜಿಬಿ ತನ್ನದೇ ಅಂದುಕೊಂಡು ಖಾಲಿ ಜಾಗವನ್ನೂ ಕ್ಯಾಷ್‌ಗೆ ಬಳಸಿಕೊಳ್ಳುತ್ತದೆ. ಹೊರಗಿನ ವಿಂಡೋಸ್‌ಗೆ ರ‍್ಯಾಮ್ ಸಾಲದೆ ಬಂದಾಗ ಅದು ಎಸ್‌ಎಸ್‌ಡಿ ಮೇಲಿನ ಪೇಜ್ ಫೈಲ್‌ಗೆ ತಳ್ಳಲು ಶುರು ಮಾಡುತ್ತದೆ. ಎಸ್‌ಎಸ್‌ಡಿ ಎಷ್ಟೇ ವೇಗದ್ದಾಗಿರಲಿ, ರ‍್ಯಾಮ್ ಮುಂದೆ ಅದು ತುಂಬಾ ನಿಧಾನ. ಆಗ ಎಲ್ಲವೂ ಒಟ್ಟಿಗೆ ಕುಂಟುತ್ತದೆ. ಪ್ರೊಸೆಸರ್ ಮಾತ್ರ ಕಾಯುತ್ತಾ ಸುಮ್ನೆ ಕೂತಿರುತ್ತದೆ. 12450ಎಚ್ ಇದ್ದರೂ ಅಷ್ಟೇ, ಅದರ ಅಪ್ಪನಂಥದ್ದು ಇದ್ದರೂ ಅಷ್ಟೇ.

16 ಜಿಬಿಯಲ್ಲಿ ಆಗುವುದೇ ಇಲ್ಲವಾ ಅಂದರೆ, ಆಗುತ್ತದೆ, ಬಿಗಿ ಹಿಡಿದರೆ. ವಿಂಡೋಸ್ ಸರ್ವರ್‌ನ ಕೋರ್ ಆವೃತ್ತಿ ಹಾಕಿ, ಅದಕ್ಕೆ ಡೆಸ್ಕ್‌ಟಾಪ್ ಇರುವುದಿಲ್ಲ, 2 ಜಿಬಿಯಲ್ಲಿ ನಡೆಯುತ್ತದೆ. ಒಂದೇ ಕ್ಲೈಂಟ್ ಇಟ್ಟುಕೊಳ್ಳಿ, 4. ಉಬುಂಟುಗೆ 1. ಹೊರಗಿನ ವಿಂಡೋಸ್‌ಗೆ 6. ಒಟ್ಟು 13 ಆಯಿತು. ಕೋರ್ ಆವೃತ್ತಿಯಲ್ಲಿ ಹೆಚ್ಚಿನದನ್ನು ಪವರ್‌ಶೆಲ್‌ನಲ್ಲೇ, ಅಂದರೆ ಕಮಾಂಡ್ ಬರೆದೇ ಮಾಡಬೇಕು. ಶುರುವಿಗೆ ಕಷ್ಟ ಅನ್ನಿಸಿದರೂ ಇಂಟರ್‌ವ್ಯೂನಲ್ಲಿ ಅದೇ ಕೈ ಹಿಡಿಯುತ್ತದೆ. ದುಡ್ಡು ನಿಜಕ್ಕೂ ಇಲ್ಲ ಅನ್ನುವವರಿಗೆ 16ಕ್ಕೇ ನಿಲ್ಲಿ ಅನ್ನುತ್ತೇನೆ. ನಿಮ್ಮ ಹತ್ತಿರ 55 ಸಾವಿರ ಇದೆ. ನೀವು 32ಕ್ಕೇ ಗುರಿ ಇಡಿ.

ಎರಡು ವರ್ಷದ ಹಿಂದಾಗಿದ್ದರೆ ನಾನೇ ‘8 ಜಿಬಿದು ತಗೊಳ್ಳಿ, ಆಮೇಲೆ ರ‍್ಯಾಮ್ ಹಾಕಿಸಿ’ ಅನ್ನುತ್ತಿದ್ದೆ. ಆಗ ರ‍್ಯಾಮ್ ಅಗ್ಗವಿತ್ತು. 2025ರ ಕೊನೆಯ ತಿಂಗಳುಗಳಿಂದ ಬೆಲೆ ಜೋರಾಗಿ ಏರಿತು. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿವೆ. ಮೈಕ್ರಾನ್ ಕಂಪನಿಯಂತೂ ಕ್ರೂಷಿಯಲ್ ಹೆಸರಿನ ರ‍್ಯಾಮ್, ಎಸ್‌ಎಸ್‌ಡಿಗಳನ್ನು ನಮ್ಮಂಥವರಿಗೆ ಮಾರುವ ವ್ಯಾಪಾರವನ್ನೇ ಬಿಡುವುದಾಗಿ 2025ರ ಡಿಸೆಂಬರ್‌ನಲ್ಲಿ ಹೇಳಿತು. ಹಾಗಾಗಿ ‘ಆಮೇಲೆ ಹಾಕಿಸೋಣ’ ಅನ್ನುವ ಲೆಕ್ಕ ಈಗ ಕೈ ಕಚ್ಚುತ್ತದೆ. ಲ್ಯಾಪ್‌ಟಾಪಿನ ಬೆಲೆಯನ್ನೂ ಬೇರೆಯಾಗಿ ಹಾಕಿಸುವ ರ‍್ಯಾಮ್ ಬೆಲೆಯನ್ನೂ ಕೂಡಿಸಿ ನೋಡಿ, ಆಮೇಲೆ ಹೋಲಿಸಿ. ಸೆಕೆಂಡ್ ಹ್ಯಾಂಡ್ ಮಾರುವವರಲ್ಲಿ ಕೆಲವರು ಒಳಗಿರುವ 32 ಜಿಬಿಗೆ ಇನ್ನೂ ಹಳೆಯ ರೇಟೇ ಹಾಕುತ್ತಾರೆ. ಅಂಥದ್ದು ಕಣ್ಣಿಗೆ ಬಿದ್ದರೆ ಬಿಡಬೇಡಿ.

ಸ್ಲಾಟ್ ವಿಷಯಕ್ಕೆ ಬರೋಣ. ತೆಳ್ಳಗಿನ, ಹಗುರಾದ ಹೊಸ ಲ್ಯಾಪ್‌ಟಾಪುಗಳಲ್ಲಿ ಬಹಳಷ್ಟಕ್ಕೆ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಕೊಂಡ ದಿನ ಎಷ್ಟಿತ್ತೋ ಕೊನೆವರೆಗೂ ಅಷ್ಟೇ. ಕೆಲವದರಲ್ಲಿ 8 ಜಿಬಿ ಬೆಸುಗೆಯದು, ಒಂದು ಸ್ಲಾಟ್ ಖಾಲಿ ಇರುತ್ತದೆ, ಅದು ಪರವಾಗಿಲ್ಲ. ಅಂಗಡಿಯಲ್ಲೇ ತಿಳಿದುಕೊಳ್ಳುವುದು ಸುಲಭ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿ. ‘ಸ್ಲಾಟ್ಸ್ ಯೂಸ್ಡ್’ ಅಂತ ಒಂದು ಸಾಲು ಇರುತ್ತದೆ, ಅಲ್ಲಿ ‘1 ಆಫ್ 2’ ಅಂತಿದ್ದರೆ ಒಂದು ಖಾಲಿ. ‘ಫಾರ್ಮ್ ಫ್ಯಾಕ್ಟರ್’ ಎದುರು ‘ರೋ ಆಫ್ ಚಿಪ್ಸ್’ ಅಂತಿದ್ದರೆ ಅದು ಬೆಸುಗೆ ಹಾಕಿದ್ದು. ‘ಎಸ್‌ಒಡಿಐಎಂಎಂ’ ಅಂತಿದ್ದರೆ ತೆಗೆದು ಹಾಕುವಂಥದ್ದು. ಅಲ್ಲೇ ಸಿಪಿಯು ಒತ್ತಿದರೆ, ವಿಎಂ ಓಡಿಸಲು ಬೇಕಾದ ‘ವರ್ಚುವಲೈಸೇಷನ್’ ಎದುರು ‘ಎನೇಬಲ್ಡ್’ ಇದೆಯೋ ಇಲ್ಲವೋ ಕಾಣುತ್ತದೆ. ‘ಡಿಸೇಬಲ್ಡ್’ ಅಂತಿದ್ದರೆ ಗಾಬರಿ ಬೇಡ. ಬಯೋಸ್‌ಗೆ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಸೆಟ್ಟಿಂಗ್ಸ್ ಪರದೆ) ಹೋಗಿ ಇಂಟೆಲ್ ಆದರೆ ವರ್ಚುವಲೈಸೇಷನ್ ಟೆಕ್ನಾಲಜಿ, ಎಎಂಡಿ ಆದರೆ ಎಸ್‌ವಿಎಂ ಮೋಡ್ ಆನ್ ಮಾಡಿದರಾಯಿತು.

ಪ್ರೊಸೆಸರ್ ಬಗ್ಗೆ ಜನ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ಕಲಿಯುವ ಲ್ಯಾಬ್‌ಗೆ ಅಷ್ಟು ಬೇಡ. ನಿಮ್ಮ ನಾಲ್ಕು ವಿಎಂಗಳೂ ಹೆಚ್ಚಿನ ಹೊತ್ತು ಸುಮ್ಮನೆ ಇರುತ್ತವೆ, ಲಾಗಿನ್ ಆದಾಗ, ಅಪ್‌ಡೇಟ್ ಆದಾಗ ಮಾತ್ರ ಕೆಲಸ. ರ‍್ಯಾಮ್‌ನಂತೆ ಕೋರ್‌ಗಳನ್ನು (ಪ್ರೊಸೆಸರ್‌ನೊಳಗೆ ಕೆಲಸ ಮಾಡುವ ಘಟಕಗಳು) ಕಟ್ಟಿಹಾಕುವುದಿಲ್ಲ, ಎಲ್ಲರೂ ಹಂಚಿಕೊಳ್ಳುತ್ತಾರೆ. 4 ಕೋರ್, 8 ಥ್ರೆಡ್ (ಒಂದೇ ಹೊತ್ತಿಗೆ ನಡೆಸಬಲ್ಲ ಕೆಲಸದ ಸಾಲು) ಇದ್ದರೆ ನಡೆಯುತ್ತದೆ. 6 ಕೋರ್ ಇದ್ದರೆ ನೆಮ್ಮದಿ. ಇಂಟೆಲ್‌ನಲ್ಲಿ 8ನೇ ಜನರೇಷನ್‌ಗಿಂತ ಕೆಳಗೆ ಮಾತ್ರ ಇಳಿಯಬೇಡಿ, ಅದಕ್ಕೆ ಎರಡು ಕಾರಣ ಇದೆ. 7ನೇ ಜನರೇಷನ್‌ನಲ್ಲಿ ಹೆಸರಿನ ಕೊನೆಗೆ ಯು ಇರುವ ಐ5, ಐ7ಗಳಿಗೆಲ್ಲ ಎರಡೇ ಕೋರ್ ಇತ್ತು, 8ನೆಯದರಲ್ಲಿ ಅದು ನಾಲ್ಕಾಯಿತು. ಇನ್ನೊಂದು, ವಿಂಡೋಸ್ 11 ಅಧಿಕೃತವಾಗಿ ಶುರುವಾಗುವುದೇ ಹೆಚ್ಚುಕಡಿಮೆ ಅಲ್ಲಿಂದ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಹೆಸರು ನೋಡಿ ಮೋಸ ಹೋಗುವುದು ಹೊಸ ಲ್ಯಾಪ್‌ಟಾಪಿನಲ್ಲೇ ಜಾಸ್ತಿ. ಎಎಂಡಿಯ ರೈಜೆನ್ 5 7520ಯು ನೋಡಿ. 7000 ಸರಣಿ, ಹೊಸದು ಅಂತ ಕಾಣುತ್ತದೆ. ಒಳಗಿರುವುದು ಹಳೆಯ ಝೆನ್ 2 ವಿನ್ಯಾಸದ ನಾಲ್ಕೇ ಕೋರ್, ಮೇಲಾಗಿ ಅದರ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮ್ ಬೆಸುಗೆಯದೇ. ಅದಕ್ಕಿಂತ ಸಂಖ್ಯೆಯಲ್ಲಿ ಚಿಕ್ಕದಾದ ರೈಜೆನ್ 5 5600ಎಚ್‌ನಲ್ಲಿ ಝೆನ್ 3ರ 6 ಕೋರ್, 12 ಥ್ರೆಡ್ ಇದೆ. ಆ 7000 ಸರಣಿಯಲ್ಲಿ ಮೂರನೇ ಅಂಕಿ ವಿನ್ಯಾಸವನ್ನು ಹೇಳುತ್ತದೆ, 7520ರಲ್ಲಿ 2 ಅಂದರೆ ಝೆನ್ 2, 7530ರಲ್ಲಿ 3 ಅಂದರೆ ಝೆನ್ 3. ಕಂಪನಿಯವರೇ ಇಟ್ಟ ಲೆಕ್ಕ ಇದು, ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ನೀವು ನೋಡಿದ ಐ5-12450ಎಚ್‌ನಲ್ಲಿ 4 ದೊಡ್ಡ ಕೋರ್, 4 ಚಿಕ್ಕ ಕೋರ್, ಒಟ್ಟು 12 ಥ್ರೆಡ್. ಚೆನ್ನಾಗಿದೆ. ಇಂಥ ಎರಡು ಬಗೆಯ ಕೋರ್ ಇರುವ ಪ್ರೊಸೆಸರ್‌ಗಳಲ್ಲಿ ಒಂದು ಕಿರಿಕಿರಿ ಇದೆ. ವಿಎಂ ಕಿಟಕಿಯನ್ನು ಹಿಂದಕ್ಕೆ ಹಾಕಿ ಬ್ರೌಸರ್‌ಗೆ ಬಂದರೆ, ವಿಂಡೋಸ್ ಕೆಲವೊಮ್ಮೆ ವಿಎಂ ಅನ್ನು ಚಿಕ್ಕ ಕೋರ್‌ಗಳಿಗೆ ತಳ್ಳಿಬಿಡುತ್ತದೆ. ಇದ್ದಕ್ಕಿದ್ದಂತೆ ನಿಧಾನವಾಗುತ್ತದೆ. ಪವರ್ ಮೋಡ್ ಅನ್ನು ಬೆಸ್ಟ್ ಪರ್ಫಾರ್ಮೆನ್ಸ್‌ಗೆ ಇಟ್ಟರೆ ಬಹುಮಟ್ಟಿಗೆ ಸರಿಹೋಗುತ್ತದೆ.

ಗ್ರಾಫಿಕ್ಸ್ ಕಾರ್ಡ್ ನಿಮಗೆ ಬೇಡವೇ ಬೇಡ. ವಿಎಂ ಓಡಿಸುವ ಸಾಫ್ಟ್‌ವೇರ್‌ಗಳು, ವರ್ಚುವಲ್‌ಬಾಕ್ಸ್ ಆಗಲಿ, ವಿಎಂವೇರ್ ಆಗಲಿ, ವಿಎಂಗೆ ಒಂದು ಸುಳ್ಳು ಗ್ರಾಫಿಕ್ಸ್ ಕಾರ್ಡ್ ತೋರಿಸುತ್ತವೆ. ನಿಜವಾದ ಆ 4 ಜಿಬಿ ಕಾರ್ಡು ಡೊಮೈನ್ ಕಂಟ್ರೋಲರ್‌ಗೆ ಯಾವ ಕೆಲಸಕ್ಕೂ ಬರುವುದಿಲ್ಲ. ಆ ಲ್ಯಾಪ್‌ಟಾಪಿನ ಬೆಲೆಯಲ್ಲಿ ಒಂದು ದೊಡ್ಡ ಪಾಲು ಅದಕ್ಕೇ ಹೋಗಿರುತ್ತದೆ. ಆಟ ಆಡುವ ಆಸೆಯೂ ಇದ್ದರೆ ಬೇರೆ ಮಾತು, ಅಪ್ಪನ ಹತ್ತಿರ ಅದನ್ನು ಹೇಳಬೇಕೋ ಬೇಡವೋ ನಿಮಗೆ ಬಿಟ್ಟಿದ್ದು.

ಡಿಸ್ಕ್ ಎನ್‌ವಿಎಂಇ (ವೇಗದ ಬಗೆಯ) ಎಸ್‌ಎಸ್‌ಡಿಯೇ ಇರಲಿ. ನಾಲ್ಕು ವಿಎಂ ಒಟ್ಟಿಗೆ ಬೂಟ್ ಆಗುವಾಗ ನಾಲ್ಕೂ ಕಡೆಯಿಂದ ಚಿಕ್ಕ ಚಿಕ್ಕ ಓದು, ಬರಹ ಡಿಸ್ಕಿಗೆ ಮುಗಿಬೀಳುತ್ತದೆ. ಹಾರ್ಡ್ ಡಿಸ್ಕ್ ಅಲ್ಲೇ ಸೋಲುತ್ತದೆ. ಒಂದು ವಿಂಡೋಸ್ ವಿಎಂ 30-40 ಜಿಬಿ ಹಿಡಿಯುತ್ತದೆ ಅಂದುಕೊಳ್ಳಿ, ಸ್ನ್ಯಾಪ್‌ಶಾಟ್ (ಬೇಕಾದಾಗ ಮರಳಲು ಉಳಿಸಿಟ್ಟ ಆ ಕ್ಷಣದ ಸ್ಥಿತಿ) ತೆಗೆದ ಹಾಗೆಲ್ಲ ಇನ್ನೂ ಬೆಳೆಯುತ್ತದೆ. 512ರಲ್ಲಿ ಶುರು ಮಾಡಬಹುದು. ಎರಡು ಕ್ಲೈಂಟ್ ಬೇಕಾದಾಗ ಎರಡು ಸಲ ಇನ್‌ಸ್ಟಾಲ್ ಮಾಡುವ ಬದಲು ಒಂದನ್ನು ತಯಾರು ಮಾಡಿ ಲಿಂಕ್ಡ್ ಕ್ಲೋನ್ (ಮೂಲದ ಡಿಸ್ಕನ್ನೇ ಹಂಚಿಕೊಳ್ಳುವ ನಕಲು) ತೆಗೆಯಿರಿ, ಜಾಗ ಬಹಳ ಉಳಿಯುತ್ತದೆ.

ಈಗ ಸೆಕೆಂಡ್ ಹ್ಯಾಂಡ್ ಮಾತು. ನಾನು ಹೇಳುತ್ತಿರುವುದು ಯಾರೋ ಕಾಲೇಜು ಹುಡುಗ ಮೂರು ವರ್ಷ ಆಡಿ ಬಿಟ್ಟ ಲ್ಯಾಪ್‌ಟಾಪ್ ಅಲ್ಲ. ಬೆಂಗಳೂರಿನ ಕಂಪನಿಗಳು ಮೂರು-ನಾಲ್ಕು ವರ್ಷಕ್ಕೊಮ್ಮೆ ಲಾಟಿನಲ್ಲಿ ಬದಲಿಸುವ ಬಿಸಿನೆಸ್ ಸರಣಿಗಳು. ಲೆನೊವೊ ಥಿಂಕ್‌ಪ್ಯಾಡ್ ಟಿ, ಡೆಲ್ ಲ್ಯಾಟಿಟ್ಯೂಡ್ 5000, ಎಚ್‌ಪಿ ಎಲೈಟ್‌ಬುಕ್ 800. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲೂ ಆನ್‌ಲೈನಿನಲ್ಲೂ ಸಿಗುತ್ತವೆ, ಶಿವಮೊಗ್ಗದ ಅಂಗಡಿಗಳಲ್ಲಿ ಹೇಳಿಟ್ಟರೆ ತರಿಸಿಕೊಡುವವರಿದ್ದಾರೆ. ಇವು ಕಟ್ಟುಮಸ್ತಾಗಿರುತ್ತವೆ. ಹಿಂದಿನ ಮುಚ್ಚಳ ಸ್ಕ್ರೂ ಬಿಚ್ಚಿದರೆ ಬರುತ್ತದೆ, ಬಿಡಿಭಾಗ ಸಿಗುತ್ತದೆ. ಬೆಲೆ ವಾರ ವಾರ ಬದಲಾಗುತ್ತದಾದರೂ, ಜನರೇಷನ್ ಮತ್ತು ಒಳಗಿರುವ ರ‍್ಯಾಮ್ ನೋಡಿಕೊಂಡು ಸುಮಾರು 25ರಿಂದ 40 ಸಾವಿರದ ನಡುವೆ ಹುಡುಕಿ.

ಯಾವ ಮಾಡೆಲ್? ನನ್ನ ಮೊದಲ ಆಯ್ಕೆ ಎಲೈಟ್‌ಬುಕ್ 845 ಜಿ7 ಅಥವಾ ಜಿ8. ರೈಜೆನ್ 5 ಪ್ರೊ ಇರುವುದು ಸಿಕ್ಕಿದರೆ 6 ಕೋರ್, 12 ಥ್ರೆಡ್, ಎರಡು ಸ್ಲಾಟ್. ಎಲ್ಲ ಕಡೆ ಸಿಗುವುದಿಲ್ಲ ಅನ್ನುವುದೊಂದೇ ಅದರ ಕೊರತೆ. ಅದು ಸಿಗದಿದ್ದರೆ ಲ್ಯಾಟಿಟ್ಯೂಡ್ 5410 ಅಥವಾ 5420, ಇಂಟೆಲ್ 10 ಮತ್ತು 11ನೇ ಜನರೇಷನ್, ಇವಕ್ಕೂ ಎರಡು ಸ್ಲಾಟ್. ಇನ್ನೂ ಕಡಿಮೆಗೆ ಬೇಕು ಅಂದರೆ 2018ರ ಥಿಂಕ್‌ಪ್ಯಾಡ್ ಟಿ480. ಹಳೆಯದು, ನಿಜ. ಆದರೆ ಮಲೆನಾಡಿಗೆ ಹೇಳಿ ಮಾಡಿಸಿದಂಥದ್ದು, ಯಾಕೆ ಅಂತ ಕರೆಂಟಿನ ಮಾತು ಬಂದಾಗ ಹೇಳುತ್ತೇನೆ. ಟಿ480 ಬೇರೆ, ಟಿ480ಎಸ್ ಬೇರೆ. ಎಸ್ ಇರುವುದು ತೆಳ್ಳಗಿನದು, ಅದಕ್ಕೆ ಒಂದೇ ಸ್ಲಾಟ್. ಟಿ14ರ ಮೊದಲ ಜನರೇಷನ್‌ಗಳಲ್ಲೂ ಸ್ವಲ್ಪ ರ‍್ಯಾಮ್ ಬೆಸುಗೆಯದು, ಒಂದು ಸ್ಲಾಟ್.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಎಲ್ಲರೂ ಸ್ಕ್ರೀನ್ ಗೀಚಿದೆಯಾ, ಕೀ ಒತ್ತುತ್ತವೆಯಾ ನೋಡುತ್ತಾರೆ. ಅದನ್ನು ನೋಡಿ, ಬೇಡ ಅನ್ನುವುದಿಲ್ಲ. ನಿಮಗೆ ಅದಕ್ಕಿಂತ ಮುಖ್ಯವಾದ ಪರೀಕ್ಷೆ ಬಯೋಸ್‌ನದು. ಶುರು ಮಾಡುವಾಗ ಡೆಲ್ ಆದರೆ ಎಫ್2, ಎಚ್‌ಪಿ ಆದರೆ ಎಫ್10, ಥಿಂಕ್‌ಪ್ಯಾಡ್ ಆದರೆ ಎಫ್1 ಒತ್ತಿ ಒಳಗೆ ಹೋಗಿ. ಪಾಸ್‌ವರ್ಡ್ ಕೇಳಿತೋ, ಹಳೆಯ ಕಂಪನಿಯವರು ಹಾಕಿದ ಬೀಗ ಇನ್ನೂ ಇದೆ ಅಂತ ಅರ್ಥ. ವರ್ಚುವಲೈಸೇಷನ್ ಆಫ್ ಇದ್ದರೆ ಆನ್ ಮಾಡಲು ನಿಮ್ಮಿಂದಾಗದು. ಅದರಲ್ಲೂ ಥಿಂಕ್‌ಪ್ಯಾಡಿನ ಸೂಪರ್‌ವೈಸರ್ ಪಾಸ್‌ವರ್ಡ್ ಬ್ಯಾಟರಿ ಬಿಚ್ಚಿಟ್ಟರೆ ಹೋಗುವಂಥದ್ದಲ್ಲ. ‘ಆಮೇಲೆ ತೆಗೆಸಿಕೊಡ್ತೀವಿ’ ಅಂದರೆ ‘ತೆಗೆಸಿದ ಮೇಲೆ ಬರ್ತೀನಿ’ ಅನ್ನಿ. ಇದೇ ಜಾತಿಯ ಇನ್ನೊಂದು ತೊಂದರೆ ಇದೆ. ವಿಂಡೋಸ್ ಹೊಸದಾಗಿ ಹಾಕಿ ಇಂಟರ್‌ನೆಟ್ ಕೊಟ್ಟ ಕೂಡಲೇ ಯಾವುದೋ ಕಂಪನಿಯ ಹೆಸರು ತೋರಿಸಿ ಲಾಗಿನ್ ಕೇಳುತ್ತದೆ. ಆ ಲ್ಯಾಪ್‌ಟಾಪ್ ಇನ್ನೂ ಅವರ ಪಟ್ಟಿಯಲ್ಲಿದೆ. ಹಾಗಾಗಿ ನಿಮ್ಮ ಎದುರಿಗೇ ರಿಸೆಟ್ ಮಾಡಿಸಿ, ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು ನೋಡಿ. ಅರ್ಧ ಗಂಟೆ ಹೋದರೂ ಹೋಗಲಿ.

ಎಸ್‌ಎಸ್‌ಡಿ ಎಷ್ಟು ಸವೆದಿದೆ ಅನ್ನುವುದನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅನ್ನುವ ಉಚಿತ ಪ್ರೋಗ್ರಾಂ ಶೇಕಡಾವಾರು ತೋರಿಸುತ್ತದೆ. ಬ್ಯಾಟರಿಗೆ ವಿಂಡೋಸ್‌ನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಯುವ ಕಮಾಂಡ್ ಇದೆ. ಹೊಸದಿದ್ದಾಗಿನ ಸಾಮರ್ಥ್ಯ, ಈಗ ತುಂಬುವ ಸಾಮರ್ಥ್ಯ ಎರಡನ್ನೂ ಪಕ್ಕಪಕ್ಕ ಕೊಡುತ್ತದೆ. ಅರ್ಧಕ್ಕಿಂತ ಇಳಿದಿದ್ದರೆ ಹೊಸ ಬ್ಯಾಟರಿಯ ದುಡ್ಡನ್ನು ಬೆಲೆಯಲ್ಲಿ ಕಳೆಯಿರಿ. ಬಿಲ್ ಬರೆಸಿ. ಬರೀ ಚೀಟಿ ಕೊಡುವವರ ಹತ್ತಿರ ಬೇಡ.

ಹೊಸದೇ ಬೇಕು ಅಂತ ಮನೆಯಲ್ಲಿ ಹಟ ಹಿಡಿದರೆ, ಆ ಗೇಮಿಂಗ್ ಲ್ಯಾಪ್‌ಟಾಪನ್ನೇ ಮತ್ತೊಮ್ಮೆ ನೋಡಿ. ಎರಡು ಸ್ಲಾಟ್ ಇದೆಯಾ, ರ‍್ಯಾಮ್ ಡಿಡಿಆರ್4 ಅಥವಾ ಡಿಡಿಆರ್5, ಯಾವುದು? ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಖಾಲಿ ಸ್ಲಾಟಿಗೆ 16 ಹಾಕಿಸಿ 24 ಮಾಡಿಕೊಂಡರೆ ನಿಮ್ಮ 20ರ ಲೆಕ್ಕ ಅದರಲ್ಲಿ ಕೂರುತ್ತದೆ. 8 ಮತ್ತು 16 ಜೋಡಿ ಸಮ ಅಲ್ಲ ಅಂತ ಯಾರಾದರೂ ಹೆದರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ, ಕೆಲಸ ಮಾಡುತ್ತದೆ. ವಿಎಂಗೆ ವೇಗಕ್ಕಿಂತ ಅಳತೆ ಮುಖ್ಯ. ಎಲ್ಲ ಸೇರಿ 55 ದಾಟುತ್ತದೋ ಇಲ್ಲವೋ ಅಂಗಡಿಯಲ್ಲೇ ಕೂಡಿಸಿ ಕೇಳಿ. ವಾರಂಟಿ ‘ಆನ್‌ಸೈಟ್’ ಅಂತ ಬರೆದಿದ್ದರೆ, ನಿಮ್ಮ ಊರಿನ ಪಿನ್‌ಕೋಡ್ ಹೇಳಿ ಅಲ್ಲಿಗೆ ಬರುತ್ತಾರಾ ಅಂತ ಮೊದಲೇ ಖಚಿತ ಮಾಡಿಕೊಳ್ಳಿ.

ಕರೆಂಟಿನ ವಿಷಯ ಬಾಯಿಮಾತಿಗೆ ಬರೆದಿದ್ದೀರೋ ಏನೋ, ನನಗಂತೂ ಅದು ರ‍್ಯಾಮ್ ನಂತರ ಎರಡನೇ ದೊಡ್ಡ ಅಂಶ. ನಿಮ್ಮ ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಯಾವ ಮರ ಯಾವಾಗ ಲೈನಿನ ಮೇಲೆ ಬೀಳುತ್ತದೋ ಮೆಸ್ಕಾಂನವರಿಗೂ ಗೊತ್ತಿರುವುದಿಲ್ಲ. ಇಲ್ಲಿ ಬ್ಯಾಟರಿ ಅನ್ನುವುದು ಸೌಕರ್ಯ ಅಲ್ಲ, ಅದೇ ನಿಮ್ಮ ಯುಪಿಎಸ್. ಗೇಮಿಂಗ್ ಲ್ಯಾಪ್‌ಟಾಪಿನ 12450ಎಚ್‌ನಂಥ ಎಚ್ ಪ್ರೊಸೆಸರ್‌ಗಳ ಮೂಲ ಅಳತೆಯೇ 45 ವಾಟ್. ಯು ಪ್ರೊಸೆಸರ್‌ಗಳದು 15 ವಾಟ್. ಬ್ಯಾಟರಿ ಮೇಲೆ ಮೂರು ವಿಎಂ ಓಡಿಸುವಾಗ ಆ ವ್ಯತ್ಯಾಸ ಗೊತ್ತಾಗುತ್ತದೆ. ಟಿ480 ಬಗ್ಗೆ ಹೇಳುತ್ತೇನೆ ಅಂದಿದ್ದೆನಲ್ಲ, ಅದಕ್ಕೆ ಎರಡು ಬ್ಯಾಟರಿ. ಒಳಗೆ 24 ವಾಟ್-ಅವರ್‌ನದು, ಹಿಂದೆ ಕಳಚಿ ಹಾಕುವ ಇನ್ನೊಂದು. ಹಿಂದಿನದರಲ್ಲಿ 72 ವಾಟ್-ಅವರ್‌ವರೆಗಿನ ದೊಡ್ಡದೂ ಬರುತ್ತದೆ. ಒಳಗಿನದು ಲ್ಯಾಪ್‌ಟಾಪನ್ನು ಹಿಡಿದುಕೊಂಡಿರುತ್ತದೆ, ಆಫ್ ಮಾಡದೆಯೇ ಹಿಂದಿನದನ್ನು ಬದಲಿಸಬಹುದು. ದಿನಗಟ್ಟಲೆ ಕರೆಂಟು ಬಾರದ ಊರಿಗೆ ಇದಕ್ಕಿಂತ ಬೇರೆ ಏನು ಬೇಕು?

‘ಲ್ಯಾಪ್‌ಟಾಪ್ ಯಾಕೆ, ಅದೇ ದುಡ್ಡಿಗೆ ಹಳೆಯ ಆಫೀಸ್ ಮಿನಿ ಪಿಸಿ ತಂದು ಪ್ರಾಕ್ಸ್‌ಮಾಕ್ಸ್ (ವಿಎಂ ಓಡಿಸಲೆಂದೇ ಇರುವ ಲಿನಕ್ಸ್ ವ್ಯವಸ್ಥೆ) ಹಾಕಿಕೊಳ್ಳಿ’ ಅಂತ ಕೆಲವರು ಸಲಹೆ ಕೊಡುತ್ತಾರೆ. ಶಿವಮೊಗ್ಗ ಪೇಟೆಯೊಳಗೆ ಮನೆ ಇರುವವರಿಗೆ ನಾನೂ ಅದನ್ನೇ ಹೇಳುತ್ತೇನೆ, ದುಡ್ಡಿಗೆ ಅದೇ ಜಾಸ್ತಿ ಬಲ. ನಿಮಗೆ ಬೇಡ. ಕರೆಂಟು ಹೋದ ಕ್ಷಣ ಅದು ಧಪ್ಪಂತ ನಿಲ್ಲುತ್ತದೆ. ಡೊಮೈನ್ ಕಂಟ್ರೋಲರ್ ಬರೆಯುತ್ತಿದ್ದ ಡೇಟಾಬೇಸ್ ಅರ್ಧಕ್ಕೇ ಉಳಿದರೆ ಮರುದಿನ ಅದನ್ನು ರಿಪೇರಿ ಮಾಡುವುದೇ ಕೆಲಸ.

ಲ್ಯಾಪ್‌ಟಾಪಿನಲ್ಲೂ ಎಚ್ಚರ ಬೇಕು. ಬ್ಯಾಟರಿ ಪೂರ್ತಿ ಇಳಿಯುವವರೆಗೆ ಕಾಯಬೇಡಿ. ಕರೆಂಟು ಬರುವ ಲಕ್ಷಣ ಇಲ್ಲ ಅನ್ನಿಸಿದರೆ ವಿಎಂ ಮುಚ್ಚುವಾಗ ‘ಸೇವ್ ದ ಮಷೀನ್ ಸ್ಟೇಟ್’ ಆರಿಸಿ. ಇದ್ದಲ್ಲಿಗೇ ನಿಲ್ಲುತ್ತದೆ, ಮುಂದಿನ ಸಲ ಅಲ್ಲಿಂದಲೇ ಏಳುತ್ತದೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಚಾರ್ಜರ್ ಕಿತ್ತಿಡುವುದು ಎಲ್ಲರಿಗೂ ಗೊತ್ತು. ಲ್ಯಾನ್ ಕೇಬಲ್ ಮರೆಯುತ್ತಾರೆ. ಸಿಡಿಲು ಅದರ ಮೂಲಕವೂ ಬರುತ್ತದೆ. ಮನೆಯ ಇನ್ವರ್ಟರ್ ಸ್ಕ್ವೇರ್ ವೇವ್‌ನದಾಗಿದ್ದರೆ ಅಡಾಪ್ಟರ್ ಬಿಸಿಯಾಗಿ ಗುಂಯ್‌ಗುಡುವುದುಂಟು, ಸೈನ್ ವೇವ್ ಇದ್ದರೆ ನಿಶ್ಚಿಂತೆ. ಮಳೆಗಾಲದಲ್ಲಿ ಲ್ಯಾಪ್‌ಟಾಪನ್ನು ಬ್ಯಾಗಿನೊಳಗೆ ವಾರಗಟ್ಟಲೆ ಮುಚ್ಚಿಡಬೇಡಿ, ಬೂಷ್ಟು ಹಿಡಿಯುತ್ತದೆ. ದಿನಾ ಸ್ವಲ್ಪ ಹೊತ್ತು ಓಡಿದರೆ ಅದರ ಬಿಸಿಗೇ ಒಳಗೆ ಒಣಗಿರುತ್ತದೆ. ಅಡಿಕೆ ಸುಲಿಯುವ, ಬೇಯಿಸುವ ಕಾಲದಲ್ಲಿ ಆ ಜಾಗದಿಂದ ದೂರ ಇಟ್ಟುಕೊಳ್ಳಿ, ಧೂಳು-ಹೊಗೆ ಫ್ಯಾನಿಗೆ ಮೆತ್ತಿಕೊಂಡರೆ ಎಂಥ ಪ್ರೊಸೆಸರ್ ಆದರೂ ಬಿಸಿಯಾಗಿ ನಿಧಾನವಾಗುತ್ತದೆ.

ಮ್ಯಾಕ್‌ಬುಕ್ ಏರ್ ಎಂ1 ಒಳ್ಳೆಯ ಲ್ಯಾಪ್‌ಟಾಪ್, ಬ್ಯಾಟರಿಯೂ ಚೆನ್ನ. ನಿಮ್ಮ ಕೆಲಸಕ್ಕೆ ಮಾತ್ರ ಬೇಡ. ಅದು ಆರ್ಮ್ ಪ್ರೊಸೆಸರ್. ನೀವು ಕಲಿಯಬೇಕಾದ ವಿಂಡೋಸ್ ಸರ್ವರ್ ಬರುವುದು ಎಕ್ಸ್86ಕ್ಕೆ, ಅಂದರೆ ಇಂಟೆಲ್, ಎಎಂಡಿ ಬಗೆಯ ಪ್ರೊಸೆಸರ್‌ಗಳಿಗೆ. ಆರ್ಮ್ ಮೇಲೆ ಅದನ್ನು ಓಡಿಸಬೇಕಾದರೆ ಪ್ರತಿ ಸೂಚನೆಯನ್ನೂ ಅನುಕರಣೆ ಮಾಡಬೇಕು, ಲ್ಯಾಬ್ ಮಾಡುವ ವೇಗ ಸಿಗುವುದಿಲ್ಲ. ರ‍್ಯಾಮ್ 8 ಅಥವಾ 16, ಅದೂ ಬದಲಿಸಲಾಗದ್ದು. ಸ್ನ್ಯಾಪ್‌ಡ್ರಾಗನ್ ಇರುವ ವಿಂಡೋಸ್ ಲ್ಯಾಪ್‌ಟಾಪುಗಳದೂ ಆರ್ಮ್ ಪ್ರೊಸೆಸರ್, ಅವಕ್ಕೂ ವಿಂಡೋಸ್ ಸರ್ವರ್‌ನ ಇದೇ ತೊಂದರೆ. ಅಂಗಡಿಯಲ್ಲಿ ಬ್ಯಾಟರಿ ತೋರಿಸಿ ಅವನ್ನು ಮುಂದೆ ಇಟ್ಟರೆ ನೆನಪಿರಲಿ.

ಸಾಫ್ಟ್‌ವೇರ್‌ಗೆ ದುಡ್ಡು ಬೇಡ. ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ 2024ರ ನವೆಂಬರ್‌ನಿಂದ ಎಲ್ಲರಿಗೂ ಉಚಿತ, ವರ್ಚುವಲ್‌ಬಾಕ್ಸ್ ಮೊದಲಿಂದಲೂ ಉಚಿತ. ವಿಂಡೋಸ್‌ನ ಸ್ವಂತ ವಿಎಂ ಸೌಲಭ್ಯವಾದ ಹೈಪರ್-ವಿ ಬೇಕಾದರೆ ಹೊರಗಿನ ವಿಂಡೋಸ್ ಪ್ರೊ ಆಗಿರಬೇಕು, ಹೋಮ್‌ನಲ್ಲಿ ಸಿಗುವುದಿಲ್ಲ. ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಗೆ ಹಸಿರು ಆಮೆಯ ಚಿತ್ರ ಕಂಡರೆ ಗಾಬರಿಯಾಗಬೇಡಿ. ವಿಂಡೋಸ್‌ನ ಹೈಪರ್-ವಿ ಪದರ ಒಳಗೆ ಕೂತಿದೆ, ವರ್ಚುವಲ್‌ಬಾಕ್ಸ್ ಅದರ ಮೇಲೆ ಓಡಬೇಕಾಗಿ ಬಂದು ನಿಧಾನವಾಗಿದೆ ಅಂತ ಅದರ ಅರ್ಥ. ವಿಂಡೋಸ್ ಸೆಕ್ಯುರಿಟಿಯಲ್ಲಿ ‘ಮೆಮೊರಿ ಇಂಟೆಗ್ರಿಟಿ’ ಅನ್ನುವ ರಕ್ಷಣೆ ಆನ್ ಇದ್ದರೂ ಹೀಗಾಗುತ್ತದೆ. ಅದನ್ನು ಆಫ್ ಮಾಡುವುದಕ್ಕಿಂತ, ಧೈರ್ಯ ಇದ್ದರೆ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ಅದರ ಸ್ವಂತ ವಿಎಂ ಸೌಲಭ್ಯವಾದ ಕೆವಿಎಂ ಬಳಸಿ ಅನ್ನುತ್ತೇನೆ. ಹೊರಗಿನ ವಿಂಡೋಸ್ ತಿನ್ನುತ್ತಿದ್ದ ರ‍್ಯಾಮ್‌ನಲ್ಲಿ ಸ್ವಲ್ಪ ವಾಪಸ್ ಸಿಗುತ್ತದೆ, ಹೇಗೂ ಲಿನಕ್ಸ್ ಕಲಿಯಲೇಬೇಕಲ್ಲ.

ವಿಂಡೋಸ್ ಸರ್ವರ್‌ನ 180 ದಿನದ ಪರೀಕ್ಷಾ ಆವೃತ್ತಿಯನ್ನೂ ವಿಂಡೋಸ್ 11 ಎಂಟರ್‌ಪ್ರೈಸ್‌ನ 90 ದಿನದ್ದನ್ನೂ ಮೈಕ್ರೊಸಾಫ್ಟ್ ಪುಕ್ಕಟೆ ಕೊಡುತ್ತದೆ. ಒಂದೊಂದೂ ಹಲವು ಜಿಬಿ ಇರುತ್ತದೆ. ನಿಮ್ಮ ಊರಿನ ಮೊಬೈಲ್ ನೆಟ್‌ನಲ್ಲಿ ಕಾಯುತ್ತಾ ಕೂರಬೇಡಿ. ಲ್ಯಾಪ್‌ಟಾಪ್ ತರಲು ಶಿವಮೊಗ್ಗಕ್ಕೆ ಬಂದಾಗ, ಒಳ್ಳೆ ಫೈಬರ್ ಇರುವ ಪರಿಚಯದವರ ಮನೆಯಲ್ಲಿ ಎಲ್ಲ ಐಎಸ್‌ಒಗಳನ್ನೂ (ಇನ್‌ಸ್ಟಾಲ್ ಮಾಡುವ ಫೈಲ್‌ಗಳು) ಇಳಿಸಿಕೊಂಡು ಹೋಗಿ. ಇನ್‌ಸ್ಟಾಲ್ ಆದ ಮೇಲೆ ವಿಎಂಗಳನ್ನು ಇಂಟರ್ನಲ್ ನೆಟ್‌ವರ್ಕ್‌ಗೆ ಹಾಕಿದರೆ ಅವು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ, ಟವರ್ ಇರಲಿ ಇಲ್ಲದಿರಲಿ ಅಭ್ಯಾಸ ನಡೆಯುತ್ತದೆ. ಸರ್ವರ್ ವಿಎಂಗೆ ಮಾತ್ರ ಮೊದಲ 10 ದಿನದೊಳಗೆ ಒಂದು ಸಲ ನ್ಯಾಟ್ (ಲ್ಯಾಪ್‌ಟಾಪಿನ ಇಂಟರ್‌ನೆಟ್ ಅನ್ನು ವಿಎಂ ಹಂಚಿಕೊಳ್ಳುವ ಸೆಟ್ಟಿಂಗ್) ಮೂಲಕ ಇಂಟರ್‌ನೆಟ್ ತೋರಿಸಿ ಆಕ್ಟಿವೇಟ್ ಮಾಡಿಸಿ. ಇಲ್ಲದಿದ್ದರೆ ಅದು ತಾನಾಗಿಯೇ ಶಟ್‌ಡೌನ್ ಆಗಲು ಶುರು ಮಾಡುತ್ತದೆ. ಅಷ್ಟಕ್ಕೆ ಫೋನಿನ ಹಾಟ್‌ಸ್ಪಾಟ್ ಸಾಕು.